ಕಾಲು ತೊಳೆಯದ ಕಂಪ್ಯೂಟರ್

ನಮ್ಮ ಚಿಕ್ಕಪ್ಪನಷ್ಟು ಕಟ್ಟುನಿಟ್ಟಾಗಿ ಬಾಗಿಲು ಕಾಯುವ ಮನುಷ್ಯನನ್ನು ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲೇ ನೋಡಿಲ್ಲ. ಮೇಲೂರಿನ ಆಚೆ ಅವರದೊಂದು ಚಾಕಿ ಕೇಂದ್ರವಿದೆ. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳಗಳನ್ನು ಎರಡನೇ ಜ್ವರ ಮುಗಿಯುವ ತನಕ, ಅಂದರೆ ಎರಡು ಸಲ ಪೊರೆ ಬಿಡುವ ತನಕ ಸಾಕಿ, ಆಮೇಲೆ ರೈತರ ಕೈಗೆ ಕೊಡುವ ಜಾಗ ಅದು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಅಗಲವಾದ ತೊಟ್ಟಿ. ಚಪ್ಪಲಿ ಹೊರಗೆ ಬಿಟ್ಟು, ಅದರಲ್ಲಿ ಕಾಲದ್ದಿ, ಕೈ ತೊಳೆದು, ಅಲ್ಲೇ ಇಟ್ಟಿರುವ ಬೇರೆ ಚಪ್ಪಲಿ ಮೆಟ್ಟಿಕೊಂಡವರು ಮಾತ್ರ ಒಳಗೆ ಹೋಗಬಹುದು. ಬಾಯಲ್ಲಿ ಹೊಗೆಸೊಪ್ಪು ಇದ್ದವರು ಹೋಗುವಂತಿಲ್ಲ. ರೋಗ ಬಿದ್ದ ಹುಳದ ಮನೆಯಿಂದ ಬಂದವರಂತೂ ಗೇಟಿನ ಹೊರಗೇ. ಒಮ್ಮೆ ಬೀಗರು ಬಂದಾಗ, ಮಗಳನ್ನು ಕೊಟ್ಟ ಮನೆಯವರು ಎಂದೂ ನೋಡದೆ, ಕಾಲು ತೊಳೆಯಿರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಬೀಗರು ಇವತ್ತಿಗೂ ಮದುವೆ ಮುಂಜಿಗಳಲ್ಲಿ ಅದನ್ನು ಆಡಿಕೊಳ್ಳುತ್ತಾರೆ. ಮಾಲೀಕರಾದ ಚಿಕ್ಕಪ್ಪ ಕೂಡ ಕಾಲದ್ದದೆ ಒಳಗೆ ಹೋಗುವುದಿಲ್ಲ. ಅವರ ಈ ಒಂದು ಗುಣಕ್ಕೆ ನಾನು ಕೈ ಮುಗಿಯುತ್ತೇನೆ.

ಉಳಿದದ್ದಕ್ಕೆ ಮುಗಿಯುವುದಿಲ್ಲ. ಇಷ್ಟೆಲ್ಲ ಮಡಿ ಮಾಡುವ ಮನುಷ್ಯ ಅದೇ ಕಟ್ಟಡದ ಆಫೀಸು ಕೋಣೆಯ ಕಂಪ್ಯೂಟರನ್ನು ಧರ್ಮಛತ್ರ ಮಾಡಿಟ್ಟಿದ್ದರು.

ಹುಳದ ಕೋಣೆಗಳ ಬಿಸಿ ಮತ್ತು ತೇವ ನೋಡಿಕೊಳ್ಳುವುದು ಆ ಕಂಪ್ಯೂಟರೇ. ಲಿನಕ್ಸಿನ ಮೇಲೆ ಒಂದು ಸಣ್ಣ ಪ್ರೋಗ್ರಾಮು ಹಗಲೂ ರಾತ್ರಿ ಓಡುತ್ತಿರುತ್ತದೆ. ಕೋಣೆ ಒಣಗಿದರೆ ಮಂಜು ಎರಚುವ ಯಂತ್ರ ಹಾಕುತ್ತದೆ, ತಣ್ಣಗಾದರೆ ಹೀಟರ್ ಹಾಕುತ್ತದೆ. ಕೂಡಿಸಿಕೊಟ್ಟವನು ಚಿಂತಾಮಣಿಯ ಒಬ್ಬ ಗುತ್ತಿಗೆದಾರ. ನೀರಿನ ಫಿಲ್ಟರ್, ಗೇಟಿನ ಮೋಟಾರು, ಸಿಸಿ ಕ್ಯಾಮೆರಾ, ಯಾವುದನ್ನು ಕೇಳಿದರೂ ಇಲ್ಲ ಅನ್ನದ ಮಹಾಪಂಡಿತ. ಅವನು ಕ್ಯಾಮೆರಾದ ಸಾಫ್ಟ್‌ವೇರನ್ನೂ ಅದೇ ಕಂಪ್ಯೂಟರಿಗೆ ತುಂಬಿ, ಕ್ಯಾಮೆರಾದ ಸೆಟ್ಟಿಂಗು ಮತ್ತು ಕೋಣೆಗಳ ಸೆಟ್ಟಿಂಗು ಎರಡನ್ನೂ ಒಂದೇ ಫೋಲ್ಡರಿಗೆ ಸುರಿದು ಹೋಗಿದ್ದ. ಪಾಸ್‌ವರ್ಡನ್ನು ಗೋಡೆಯ ಮೇಲೆ, ಗಣಪತಿ ಕ್ಯಾಲೆಂಡರಿನ ಪಕ್ಕದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿದ್ದ. ಕಳೆದ ಬೇಸಿಗೆಯಲ್ಲಿ ಕ್ಯಾಮೆರಾದ ಸಾಫ್ಟ್‌ವೇರ್ ತಾನಾಗೇ ಅಪ್‌ಡೇಟ್ ಆಗುವಾಗ ಫೋಲ್ಡರನ್ನು ಗುಡಿಸಿ ಹಾಕಿತು. ಕೋಣೆಗಳ ಸೆಟ್ಟಿಂಗೂ ಕಸದ ಜೊತೆಗೆ ಹೋಯಿತು. ಮಂಜು ನಿಂತು ಸೊಪ್ಪು ಬಾಡಿ ಒಂದು ಕೋಣೆಯ ಹುಳ ಪೂರ್ತಿ ಕೆಟ್ಟಿತು.

ಆಗ ನಾನು ನೆನಪಾದೆ. ನಾನು ಚಿಕ್ಕಬಳ್ಳಾಪುರದ ಒಂದು ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವಳು. ಅಷ್ಟು ದಿನ ಚಿಕ್ಕಪ್ಪನ ಬಾಯಲ್ಲಿ ಅದು "ಏನೋ ಕಂಪ್ಯೂಟ್ರು ಕೆಲ್ಸ" ಆಗಿತ್ತು. ಆವತ್ತಿಂದ "ನಮ್ಮ ಹುಡುಗಿ ದೊಡ್ಡ ಎಂಜಿನಿಯರು" ಆಯಿತು.

ನಾನು ಒಪ್ಪಿಕೊಂಡದ್ದು ಚಿಕ್ಕಪ್ಪನ ಮೇಲಿನ ಪ್ರೀತಿಗಲ್ಲ, ಅಕ್ಕನ ಸಲುವಾಗಿ. ನನ್ನ ಅಕ್ಕನನ್ನು ಕೊಟ್ಟಿರುವುದು ದಿಬ್ಬೂರಹಳ್ಳಿಯ ಹತ್ತಿರ. ಹುಳ ಸಾಕುವುದರಲ್ಲಿ ಅವಳದು ಎತ್ತಿದ ಕೈ. ಹಿಂದಿನ ಬೆಳೆಗೆ ಮಾತ್ರ ಹಾಲುತೊಂಡೆ ರೋಗ ಬಿದ್ದು, ಹುಳಗಳನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಚೆಲ್ಲಬೇಕಾಯಿತು. ರೋಗ ಬಿದ್ದ ಮನೆ ಅಂತ ಹೆಸರು ಬಂದರೆ ನಮ್ಮ ಕಡೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನೆರೆಯವರು ಸೊಪ್ಪಿನ ಬುಟ್ಟಿ ಕೂಡ ಕೇಳಿ ಪಡೆಯುವುದಿಲ್ಲ. ಚಾಕಿ ಕೇಂದ್ರದವರು ನಾಳೆ ಬಾ ಅನ್ನುತ್ತಾರೆ. ಚಿಕ್ಕಪ್ಪ, "ಇದೊಂದ್ಸಲ ಕೊಡ್ತೀನಿ ಕಣಮ್ಮ. ಇದೂ ಕೆಟ್ರೆ ಆಮೇಲೆ ನನ್ನ ಕೇಳ್ಬೇಡ" ಎಂದು ಹೇಳಿ ಒಂದು ಕೋಣೆಯಲ್ಲಿ ಬೇರೆ ರೈತರ ಹುಳದ ಜೊತೆ ಅವಳ ಪಾಲಿನ ಹುಳವನ್ನೂ ಸಾಕಲು ಹಿಡಿದಿದ್ದರು. ಚಿಕ್ಕಪ್ಪನೇ ಇಲ್ಲ ಅಂದ ಮೇಲೆ ಬೇರೆ ಯಾರೂ ಕೊಡುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಅವಳ ಮರ್ಯಾದೆಯೆಲ್ಲ ಆ ಕೋಣೆಯ ಟ್ರೇಗಳ ಮೇಲೆ ಕೂತಿತ್ತು.

ನಾನು ಮಾಡಿದ ಕೆಲಸಕ್ಕೆ ಕಡ್ಡಾಯ ಪ್ರವೇಶ ನಿಯಂತ್ರಣ ಎಂದು ದೊಡ್ಡ ಹೆಸರು. ಸಂಗತಿ ಚಿಕ್ಕದು. ಕಂಪ್ಯೂಟರಿನ ಪ್ರತಿ ಪ್ರೋಗ್ರಾಮಿಗೂ ಪ್ರತಿ ಫೈಲಿಗೂ ಒಂದೊಂದು ಲೇಬಲ್ ಅಂಟಿಸುವುದು. ಯಾವ ಲೇಬಲ್ಲಿನವನು ಯಾವುದನ್ನು ಮುಟ್ಟಬಹುದು ಎಂದು ನಿಯಮ, ನಮ್ಮ ಭಾಷೆಯಲ್ಲಿ ಪಾಲಿಸಿ, ಬರೆಯುವುದು. ಬರೆಯದೆ ಇದ್ದದ್ದೆಲ್ಲ ನಿಷಿದ್ಧ. ಕೋಣೆ ಕಾಯುವ ಪ್ರೋಗ್ರಾಮು ತನ್ನ ಸೆಟ್ಟಿಂಗ್ ಓದಬಹುದು, ತನ್ನ ಯಂತ್ರಗಳನ್ನು ಹಾಕಿ ತೆಗೆಯಬಹುದು, ಇನ್ನೇನೂ ಇಲ್ಲ. ಕ್ಯಾಮೆರಾದ ಪ್ರೋಗ್ರಾಮು ಆ ಫೋಲ್ಡರಿನ ಕಡೆ ತಲೆ ಹಾಕಿಯೂ ಮಲಗುವಂತಿಲ್ಲ. ಮಾಲೀಕನೇ ಬಂದು ಬಿಡು ಅಂದರೂ ನಿಯಮ ಬಿಡುವುದಿಲ್ಲ, ಅದಕ್ಕೇ ಅದು ಕಡ್ಡಾಯ. ಮೊದಲು ಕೆಲವು ದಿನ ಯಾರನ್ನೂ ತಡೆಯದೆ, ಯಾರು ಎಲ್ಲಿಗೆ ನುಗ್ಗುತ್ತಾರೆ ಎಂದು ಬರೀ ನೋಡಿಕೊಳ್ಳುವ ಸ್ಥಿತಿಯಲ್ಲಿಟ್ಟೆ. ಅದನ್ನು ನೋಡಿ ನಿಯಮಗಳನ್ನು ತಿದ್ದಿದೆ. ಆಮೇಲೆ ನಿಜವಾಗಿ ತಡೆಯುವ ಸ್ಥಿತಿಗೆ ತಂದೆ.

ಗುತ್ತಿಗೆದಾರನಿಗೆ ಇದು ಹಿಡಿಸಲಿಲ್ಲ. "ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೊತೀರಿ ಮೇಡಂ, ಅದೇಮೀ ಲೇದು, ಅಂಥಾದ್ದೇನಿಲ್ಲ. ಏನೇನು ತಡೀತೋ ಅದನ್ನೆಲ್ಲಾ ಒಂದೇ ಕಮಾಂಡಲ್ಲಿ ಅಲೋ ಮಾಡ್ಬಿಡಿ. ನಾನು ಎಲ್ಲಾ ಕಡೆ ಹಂಗೇ ಮಾಡೋದು" ಎಂದ. ಬಾಗಿಲಲ್ಲಿ ಯಾರ್‍ಯಾರನ್ನು ತಡೆದಿರಿ ಎಂದು ಪಟ್ಟಿ ತರಿಸಿ, ಅವರನ್ನೆಲ್ಲ ಮೆರವಣಿಗೆಯಲ್ಲಿ ಒಳಗೆ ಕರೆದುಕೊಳ್ಳುವ ಬುದ್ಧಿವಂತಿಕೆ. ಅವನೊಬ್ಬನನ್ನೇ ಬೈದು ಏನು ಫಲ? ನನ್ನ ಆಫೀಸಿನಲ್ಲಿ ನನಗಿಂತ ಎರಡರಷ್ಟು ಸಂಬಳ ಎಣಿಸುವ ಮಹನೀಯರೂ ಹೊಸ ಸರ್ವರ್ ಬಂದ ಕೂಡಲೇ ಮಾಡುವ ಮೊದಲ ಕೆಲಸ ಈ ಕಾವಲನ್ನು ಕಿತ್ತುಹಾಕುವುದು. ಕೇಳಿದರೆ, ತೊಂದರೆ ಕೊಡುತ್ತೆ ಅನ್ನುತ್ತಾರೆ. ಬಾಗಿಲು ಇರುವುದೇ ತೊಂದರೆ ಕೊಡುವುದಕ್ಕೆ ಎಂದು ಈ ಮಂದಿಗೆ ಯಾರೂ ಹೇಳಿಕೊಟ್ಟಿಲ್ಲ.

ಅಕ್ಕನ ಹುಳಗಳು ಮೊದಲ ಜ್ವರ ಎದ್ದ ಮಾರನೆಯ ದಿನ ಚಿಕ್ಕಪ್ಪನ ಫೋನು ಬಂತು. "ಏನಮ್ಮಾ ನಿಂದು! ಮಂಜು ಮಿಷನ್ ನಿಂತೋಗೈತೆ. ನಿನ್ ಪಾಲಿಸಿನೇ ತಡೀತಾ ಐತಂತೆ. ಮೊದ್ಲು ತೆಗೆದಾಕು ಅದನ್ನ!"

ಸ್ಕೂಟರ್ ಹತ್ತಿ ಹೋದೆ. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಅಕ್ಕ ಕೂತಿದ್ದಳು. ಹುಳ ಒಂದು ಸಲ ನೋಡಿ ಹೋಗೋಣ ಎಂದು ಬಂದವಳನ್ನು ಚಿಕ್ಕಪ್ಪ ರೋಗದ ಮನೆಯವಳು ಎಂದು ಅಲ್ಲೇ ನಿಲ್ಲಿಸಿದ್ದರು. ನನಗೆ ಉರಿದುಹೋಯಿತು. ಅಕ್ಕ ಮಾತ್ರ, "ಅವ್ರು ಮಾಡಿದ್ದು ಸರಿನೇ ಕಣೇ, ನಾನಾಗಿದ್ರೂ ಬಿಡ್ತಿರ್ಲಿಲ್ಲ. ನೀನು ಹೋಗು, ಸೊಪ್ಪು ಬಾಡೋದ್ರೊಳಗೆ ಮಿಷನ್ ಹಾಕ್ಸು" ಅಂದಳು.

ಒಳಗೆ ಗುತ್ತಿಗೆದಾರ ಕೈ ಕಟ್ಟಿಕೊಂಡು ನಿಂತಿದ್ದ, ಮುಖದಲ್ಲಿ ನಾನು ಹೇಳಲಿಲ್ಲವೇ ಎಂಬ ಗೆಲುವು. ನೋಡಿದರೆ ಅವನದೇ ಘನಕಾರ್ಯ. ಬೆಳಿಗ್ಗೆ ಬಂದು ತೇವದ ಸೆಟ್ಟಿಂಗನ್ನು ತನ್ನ ಸ್ವಂತ ಫೋಲ್ಡರಿನಲ್ಲಿ ತಿದ್ದಿ, ಆ ಫೈಲನ್ನು ಎತ್ತಿ ಕೋಣೆಗಳ ಫೋಲ್ಡರಿಗೆ ಸಾಗಿಸಿದ್ದ. ನಕಲು ಮಾಡಿದ್ದರೆ ಹೊಸ ಜಾಗದ ಲೇಬಲ್ ತಾನಾಗೇ ಬರುತ್ತಿತ್ತು. ಸಾಗಿಸಿದರೆ ಹಳೆಯ ಲೇಬಲ್ಲೇ ಅಂಟಿಕೊಂಡು ಬರುತ್ತದೆ. ಬೀದಿಯ ಚಪ್ಪಲಿ ಮೆಟ್ಟಿಕೊಂಡೇ ಹುಳದ ಮನೆಗೆ ಬಂದ ಹಾಗೆ. ನನ್ನ ನಿಯಮ ಆ ಫೈಲನ್ನು ಬಾಗಿಲಲ್ಲೇ ನಿಲ್ಲಿಸಿತ್ತು, ಸೆಟ್ಟಿಂಗ್ ಓದಲಾಗದೆ ಕೋಣೆ ಕಾಯುವ ಪ್ರೋಗ್ರಾಮು ನಿಂತಿತ್ತು. ಲೇಬಲ್ ಸರಿಪಡಿಸುವ ಕಮಾಂಡ್ ಕೊಟ್ಟೆ, ಪಕ್ಕದ ಕೋಣೆಯಲ್ಲಿ ಯಂತ್ರ ಬುಸ್ ಅಂದಿತು. ಅಷ್ಟು ಹೊತ್ತು ಚಿಕ್ಕಮ್ಮ ಒದ್ದೆ ಗೋಣಿ ಕಟ್ಟಿ ಕೋಣೆಯನ್ನು ಹೇಗೋ ತಡೆದಿದ್ದರು. ಹುಳಕ್ಕೆ ಏನೂ ಆಗಿರಲಿಲ್ಲ.

"ಆಯ್ತಲ್ಲ, ಇನ್ನು ಅದನ್ನ ತೆಗೆದ್ಬಿಡು" ಎಂದರು ಚಿಕ್ಕಪ್ಪ.

"ಚಿಕ್ಕಪ್ಪಾ, ನೀವು ಬೀಗರನ್ನೇ ಕಾಲು ತೊಳೀದೆ ಒಳಗೆ ಬಿಟ್ಟಿಲ್ಲ. ಇದೂ ಅದೇ."

"ಹುಳ ಬೇರೆ, ಕಂಪ್ಯೂಟ್ರು ಬೇರೆ. ಇಲ್ಲಿ ಯಾರಮ್ಮ ಬರ್ತಾರೆ? ನಾನು, ಇವ್ನು. ಎಲ್ಲಾ ನಮ್ಮೋರೇ."

ಹುಳಕ್ಕೆ ರೋಗ ತರುವವರೂ ನಮ್ಮವರೇ ಅಲ್ಲವೇ ಎಂದು ಕೇಳಿದೆ. ಅವರು ಕಾಫಿ ಕುಡಿದು ಹೋಗು ಎಂದರು. ನಮ್ಮ ಮನೆತನದ ಗಂಡಸರಿಗೆ ಉತ್ತರ ಗೊತ್ತಿಲ್ಲದಾಗಲೆಲ್ಲ ಕಾಫಿಯ ನೆನಪಾಗುತ್ತದೆ. ಕಾವಲು ತೆಗೆಯುವುದಿಲ್ಲ, ಅಕ್ಕನ ಹುಳ ಹೊರಡುವ ತನಕವಾದರೂ ಇರಲಿ ಎಂದು ಹೇಳಿಯೇ ಹೊರಟೆ. ಅವರು ಆಗಲಿ ಎಂದು ತಲೆಯಾಡಿಸಿದರು.

ಹುಳ ಕೊಡುವ ಬೆಳಿಗ್ಗೆ ತಂಪು ಹೊತ್ತಿಗೇ ರೈತರು ಟೆಂಪೋ, ಆಟೋ ತಂದು ಗೇಟಿನ ಮುಂದೆ ನಿಂತಿದ್ದರು. ಅಕ್ಕನ ಜೊತೆ ನಾನೂ ಇದ್ದೆ. ಅವಳ ಕೋಣೆಯಲ್ಲೇ ಹುಳ ಹಿಡಿಸಿದ್ದ ಮೇಲೂರಿನ ರೈತರಿಬ್ಬರು ಮೊದಲು ಟ್ರೇ ನೋಡಿದರು, ಮುಖ ಕಪ್ಪಿಟ್ಟಿತು. ಹುಳ ಸಮನಾಗಿರಲಿಲ್ಲ. ಕೆಲವು ಜ್ವರ ಎದ್ದು ಸೊಪ್ಪು ಹುಡುಕುತ್ತಿದ್ದವು, ಕೆಲವು ಇನ್ನೂ ಜ್ವರಕ್ಕೇ ಕೂತಿರಲಿಲ್ಲ, ಕೆಲವು ಒಣಗಿದ ಸೊಪ್ಪಿನ ಕೆಳಗೆ ದಾರದ ಚೂರಿನ ಹಾಗೆ ಬಿದ್ದಿದ್ದವು. ಅಂಥ ಹುಳ ಮನೆಗೆ ಒಯ್ದು ಪ್ರಯೋಜನವಿಲ್ಲ ಎಂದು ಎಲ್ಲರಿಗೂ ಗೊತ್ತು.

ಚಿಕ್ಕಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. ಅಕ್ಕನ ಕಡೆ ಕೈ ತೋರಿಸಿ, "ಅವತ್ತು ಬಂದು ಗೇಟಲ್ಲಿ ಕೂತಿದ್ಲು ನೋಡಿ, ಅಲ್ಲಿಂದಾನೇ ಹತ್ಕೊಂಡಿರೋದು. ರಕ್ತ ಸಂಬಂಧ ಅಂತ ಕರುಣೆ ತೋರ್ಸಿದ್ದಕ್ಕೆ ನಂಗೆ ಬಂದ ಬಹುಮಾನ" ಎಂದರು. ರೈತರಿಬ್ಬರೂ ಅಕ್ಕನನ್ನು ನೋಡಿದರು. ಒಬ್ಬ ಅವಳಿಂದ ಒಂದು ಹೆಜ್ಜೆ ದೂರ ಸರಿದು ನಿಂತ. ಅಕ್ಕ ಸೆರಗು ಎಳೆದುಕೊಂಡು ನೆಲ ನೋಡಿದಳು. ಅವಳು ಹಾಗೆ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಅಸಹ್ಯವಾಯಿತು.

ನೇರ ಆಫೀಸು ಕೋಣೆಗೆ ಹೋಗಿ ಕಂಪ್ಯೂಟರ್ ತೆರೆದೆ. ಕಾವಲು ತೆಗೆದುಹಾಕಿತ್ತು. ಕ್ಯಾಮೆರಾದ ಸಾಫ್ಟ್‌ವೇರ್ ಮತ್ತೆ ಅಪ್‌ಡೇಟ್ ಆಗಿ, ಮತ್ತೆ ಅದೇ ಫೋಲ್ಡರನ್ನು ಗುಡಿಸಿತ್ತು. ಅಕ್ಕನ ಕೋಣೆಯ ಸೆಟ್ಟಿಂಗ್ ಅಳಿಸಿಹೋಗಿ ಎರಡು ದಿನದಿಂದ ಅಲ್ಲಿ ಮಂಜೇ ಬಿದ್ದಿರಲಿಲ್ಲ. ಚಿಕ್ಕಮ್ಮ ತವರಿಗೆ ಹೋಗಿದ್ದರಿಂದ ಕೋಣೆ ಒಣಗಿದ್ದು ನೋಡಿ ಗೋಣಿ ಕಟ್ಟುವವರೂ ಇರಲಿಲ್ಲ.

ಹೊರಗೆ ಬಂದು ಎಲ್ಲರ ಮುಂದೆ ಕೇಳಿದೆ, "ಕಾವಲು ತೆಗೆಸಿದ್ದು ಯಾರು ಚಿಕ್ಕಪ್ಪಾ?"

"ಅದೇ... ಮೊಬೈಲಲ್ಲಿ ಕ್ಯಾಮೆರಾ ಕಾಣ್ತಿರ್ಲಿಲ್ಲ. ಆ ಚಿಂತಾಮಣಿ ಹುಡ್ಗ ಗೋಡೆ ಮೇಲಿನ ಪಾಸ್‌ವರ್ಡ್ ಹಾಕಿ ಅಲ್ಲಿಂದ್ಲೇ ಫೋನಲ್ಲಿ ತೆಗೆದ. ನಾನೇ ಹೇಳ್ದೆ, ಈಗೇನಾಯ್ತು?" ಎಂದರು. ಮಂಜಿನ ಯಂತ್ರ ಯಾಕೆ ನಿಂತಿತು ಎಂದು ನಾನು ರೈತರಿಗೆ ಬಿಡಿಸಿ ಹೇಳಿದೆ. ಚಿಕ್ಕಪ್ಪ ನಡುವೆ ಬಾಯಿ ಹಾಕಿ, "ಒಳಗೆ ರೋಗದವರು ಬಂದ್ರೆ ತಾನೆ ಹುಳ ಕೆಡೋದು, ಕಂಪ್ಯೂಟ್ರಿಂದ ಎಲ್ಲಾದ್ರೂ ಕೆಡುತ್ತಾ" ಎಂದು ನಕ್ಕರು.

ಅಕ್ಕ ಆಗ ತಲೆ ಎತ್ತಿದಳು. ಧ್ವನಿ ಏರಿಸಲಿಲ್ಲ.

"ನಾನು ಹೊರಗೇ ಇದ್ದೆ ಚಿಕ್ಕಪ್ಪ. ನೀವು ಇರು ಅಂದಿರಿ, ಇದ್ದೆ. ಒಳಗೆ ಬಿಟ್ಕೊಂಡಿದ್ದು ಯಾರ್ನ?"

ಚಿಕ್ಕಪ್ಪ ಕಾಫಿ ತರಿಸುತ್ತೇನೆ ಎಂದರು. ಯಾರೂ ಬೇಕು ಅನ್ನಲಿಲ್ಲ. ದೂರ ಸರಿದಿದ್ದ ರೈತ ಅಕ್ಕನ ಪಕ್ಕಕ್ಕೆ ಬಂದು ನಿಂತು, ಅವಳ ಜೊತೆಗೆ ಚಿಕ್ಕಪ್ಪನ ಉತ್ತರಕ್ಕೆ ಕಾದ.