ವಿಲಾಯತಿ ಕೀಲಿಯ ನಾಲ್ಕು ಸ್ಕ್ರೂ

ಕರ್ಪೂರದ ವಾಸನೆ ಬಂದರೆ ನಿಮಗೆ ದೇವರು ನೆನಪಾಗಬಹುದು. ನನಗೆ ಗರಗಸ ನೆನಪಾಗುತ್ತದೆ. ಗುಡಿಯಲ್ಲಿ ಆರತಿಯ ತಟ್ಟೆ ಎದುರಿಗೆ ಬಂದಾಗ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರೆ ನಾನು ಮೂಗರಳಿಸಿಕೊಂಡು ನಿಂತುಬಿಡುತ್ತೇನೆ. ಕರ್ಪೂರದ ಬೆನ್ನಿಗೇ ಹೊಲಿಗೆ ಯಂತ್ರದ ಎಣ್ಣೆಯ ವಾಸನೆಯೂ ಬರಬೇಕಲ್ಲ ಎಂದು ಕಾಯುತ್ತೇನೆ. ಅದು ಬರುವುದಿಲ್ಲ. ಬೈಲಹೊಂಗಲದ ನಮ್ಮ ದೊಡ್ಡಪ್ಪನ ಮನೆಯ ಒಳಕೋಣೆಯಲ್ಲಿ ಅವೆರಡೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. ಮಳೆಗಾಲದ ತಂಪಿಗೆ ಕಬ್ಬಿಣ ತುಕ್ಕು ಹಿಡಿಯಬಾರದೆಂದು ದೊಡ್ಡಪ್ಪ ಪ್ರತಿ ಪೆಟ್ಟಿಗೆಯ ಮೂಲೆಯಲ್ಲೂ ಎರಡೆರಡು ಕರ್ಪೂರದ ಬಿಲ್ಲೆ ಇಡುತ್ತಿದ್ದ. ದೇವರ ಮುಂದೆ ಹಚ್ಚಲು ಒಂದು ಬಿಲ್ಲೆ ಕೇಳಿದರೆ ದೊಡ್ಡವ್ವನಿಗೂ ಅರ್ಧ ಮುರಿದು ಕೊಡುತ್ತಿದ್ದ. ಮನೆ ಹೋದರೂ ಮೂಗಿನಿಂದ ಹೊರಡದ ಇಂಥ ವಾಸನೆಯೊಂದು ನಿಮ್ಮಲ್ಲೂ ಇದ್ದೀತು. ಇದ್ದರೆ ನಾನು ಹೇಳಹೊರಟಿದ್ದು ನಿಮಗೆ ಅರ್ಧ ಆಗಲೇ ತಿಳಿದಂತೆ.

ನಮ್ಮ ದೊಡ್ಡಪ್ಪ ಕಾಳಪ್ಪ ಬಡಿಗ. ಚಕ್ಕಡಿಯ ಗಾಲಿ, ಬಾಗಿಲ ಚೌಕಟ್ಟು, ತೊಟ್ಟಿಲು, ಎಲ್ಲವನ್ನೂ ಅಂಗಳದಲ್ಲಿ ಕೂತು ಊರ ಕಮ್ಮಾರ ಬಡಿದುಕೊಟ್ಟ ಹತಾರಗಳಲ್ಲೇ ಮಾಡುತ್ತಿದ್ದ. ಒಳಕೋಣೆಯ ವಿಲಾಯತಿ ಹತಾರಗಳನ್ನು ಮಾತ್ರ ಯಾವ ಕಟ್ಟಿಗೆಗೂ ಸೋಕಿಸುತ್ತಿರಲಿಲ್ಲ. ಇಂಗ್ಲೆಂಡಿನ ಉಳಿಗಳು, ಜರ್ಮನಿಯ ಇಕ್ಕಳ, ಸ್ವೀಡನ್ನಿನ ಗರಗಸ, ಕಟ್ಟಿಗೆ ಹೆರೆದು ನುಣುಪು ಮಾಡುವ, ಅಂಗೈಯಲ್ಲಿ ಅಡಗುವಷ್ಟು ಸಣ್ಣ ರಂದಾ, ಸಾಲಾಗಿ ಏಳು ಸ್ಕ್ರೂಡ್ರೈವರು. ಸವದತ್ತಿಯ ಹತ್ತಿರ ಅಣೆಕಟ್ಟಿನ ಕೆಲಸ ಮುಗಿದು ಸಾಮಾನು ಗುಜರಿಗೆ ಬಂದಾಗ ಕೆಲವನ್ನು ಆರಿಸಿ ತಂದಿದ್ದ. ಕೆಲವು ಕೆಡವಿದ ಬಂಗ್ಲೆಗಳಿಂದ, ಇನ್ನು ಕೆಲವು ಸತ್ತ ಓವರಸಿಯರರ ಟ್ರಂಕುಗಳಿಂದ ಬಂದಿದ್ದವು. “ಇವು ದುಡಿಯೂ ಹತಾರ ಅಲ್ಲೋ, ನೋಡೂ ಹತಾರ” ಎನ್ನುತ್ತಿದ್ದ. ಅವುಗಳ ಕಾವಲಿಗೆ ಕೋಣೆಯ ಬಾಗಿಲಿಗೆ ಒಂದು ವಿಲಾಯತಿ ಕೀಲಿಯನ್ನೇ ಹಚ್ಚಿದ್ದ. ಬಾಗಿಲು ಮುಚ್ಚಿದರೆ ಸಾಕು, ತಾನಾಗಿ ಕಟಕ್ಕೆಂದು ಬೀಳುತ್ತಿತ್ತು. ಹೊರಗಿನಿಂದ ತೆಗೆಯಲು ಒಂದೇ ಚಾವಿ, ಅದು ದೊಡ್ಡಪ್ಪನ ಉಡದಾರದಲ್ಲಿ. ಒಳಗಿನಿಂದ ತೆಗೆಯುವ ಗುಂಡಿ ತಂದಾಗಲೇ ಮುರಿದಿತ್ತು. ಅದನ್ನು ದುರಸ್ತಿ ಮಾಡಿ ಎಂದು ದೊಡ್ಡವ್ವ ಹೇಳಿದ್ದಕ್ಕೆ, “ಒಳಗಿಂದ ತಗ್ಯಾಕ ಒಳಗ ಯಾರ ಇರ್ತಾರು?” ಎಂದು ನಕ್ಕಿದ್ದ.

ರವಿವಾರ ಮಧ್ಯಾಹ್ನ ಆ ಕೋಣೆಯಲ್ಲಿ ಮೂವರ ಸಭೆ. ಕಿತ್ತೂರಿನಿಂದ ರುದ್ರಪ್ಪ ಮೇಸ್ತ್ರಿ ಬಸ್ಸು ಹಿಡಿದು ಬರುತ್ತಿದ್ದ. ಕೈ ನಡುಗುವ ಮುದುಕ, ಆದರೆ ಕಿವಿ ಬಲು ಚುರುಕು. ಉಳಿಯ ಅಂಚಿಗೆ ಉಗುರಿನಿಂದ ಬಡಿದು, ಕಿವಿಗೆ ಹಿಡಿದು, “ಜರ್ಮನ್ ಐತ್ರಿ ಇದು. ಇಂಗ್ಲೀಷ್ ಉಕ್ಕ ಆಗಿದ್ರ ಸಣ್ಣಗ ಅಳತಿತ್ತು. ಇದು ಬೈಯಾಕ ಹತ್ತೇತಿ” ಎನ್ನುತ್ತಿದ್ದ. ಸವದತ್ತಿಯ ಗಡಿಯಾರ ರಿಪೇರಿಯ ಗುಂಡೂರಾಯರು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, “ಮೇಸ್ತ್ರಿಗಳ, ಅಳೋದು ಬೈಯೋದು ಆಮ್ಯಾಲ. ಇಲ್ಲೆ ಕಿರೀಟದ ಗುರ್ತು ಅದ, ಇಂಗ್ಲೆಂಡಿನ ಶೆಫೀಲ್ಡ್ ಮಾಲು” ಎಂದು ತೀರ್ಪು ಕೊಡುತ್ತಿದ್ದರು. ದೊಡ್ಡಪ್ಪ ಎರಡನ್ನೂ ಒಪ್ಪದೆ ಹತಾರವನ್ನು ಕೈಯಲ್ಲಿ ತೂಗುತ್ತ ಕೂತಿರುತ್ತಿದ್ದ. ಒಂದು ಉಳಿ ಅಳುತ್ತದೋ ಬೈಯುತ್ತದೋ ಎಂಬ ವಾದದಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡು ಮೇಸ್ತ್ರಿ ನಮ್ಮ ಪಡಸಾಲೆಯಲ್ಲೇ ಮಲಗಿದ್ದೂ ಉಂಟು.

ಅವರು ಎದ್ದು ಹೋದ ಮೇಲೆ ನನ್ನ ಆಟ. ಅಪ್ಪ ಕಟಕೋಳದಲ್ಲಿದ್ದ, ನನ್ನನ್ನು ಸಾಲಿ ಕಲಿಯಲೆಂದು ಬೈಲಹೊಂಗಲಕ್ಕೆ ಬಿಟ್ಟಿದ್ದ. ನನಗಾಗ ಹನ್ನೊಂದು ವರ್ಷ. ಹೆಸರು ಮೌನೇಶ, ಮನೆಯವರ ಆಸೆ ನೋಡಿ. ಮೇಸ್ತ್ರಿಯ ನಡುಗುವ ಕೈ, ರಾಯರ ಒಂಟಿಗಣ್ಣು, ದೊಡ್ಡವ್ವ ಕೆಮ್ಮಿ ಬೈಗುಳ ಶುರುಮಾಡುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಯಾರೂ ಸಿಗದಿದ್ದರೆ ಮಗ್ಗಿ ತಪ್ಪಿ ಹೇಳಿ ಏಟು ತಿನ್ನುವ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಬಡಿಗರ ಮನೆಯಲ್ಲಿ ಹುಟ್ಟಿ ಪೆನ್ಸಿಲ್ ಕೆತ್ತಲು ಹೋಗಿ ಬೆರಳು ಕೆತ್ತಿಕೊಳ್ಳುವವನು ನಾನೊಬ್ಬನೇ ಇದ್ದೆ. ಅದೂ ನನ್ನ ಆಟದಲ್ಲಿ ಸೇರಿತ್ತು. ದೊಡ್ಡಪ್ಪನ ದನಿಯನ್ನಂತೂ ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆನೆಂದರೆ ದೊಡ್ಡವ್ವ ಒಳಗಿನಿಂದ “ಬಂದ್ನಿರಿ” ಎಂದು ಚಹಾ ತಂದುಬಿಡುತ್ತಿದ್ದಳು. ನಾನು ಅಣಕಿಸದೆ ಬಿಟ್ಟದ್ದು ದೊಡ್ಡಪ್ಪನ ಒಬ್ಬಳೇ ಮಗಳು ಗಂಗಕ್ಕನನ್ನು. ನನ್ನ ಆಟಕ್ಕೆ ಮೊದಲು ನಗುತ್ತಿದ್ದವಳೇ ಅವಳು. ನೋಡಿ ನಗುವವರನ್ನು ಅಣಕಿಸಿದರೆ ನೋಡುವವರು ಯಾರು?

ಗಂಗಕ್ಕನಿಗೆ ಹದಿನೆಂಟು. ಪ್ರತಿ ಶನಿವಾರ ಆ ಹತಾರಗಳನ್ನೆಲ್ಲ ಒರೆಸಿ ಎಣ್ಣೆ ಹಚ್ಚುವುದು ಅವಳ ಕೆಲಸ. ದೀಪ ಆರಿದ್ದರೂ ಕೈಯಾಡಿಸಿ ಯಾವುದು ಯಾವ ದೇಶದ್ದೆಂದು ಹೇಳಬಲ್ಲವಳಾಗಿದ್ದಳು. ರವಿವಾರ ಚಹಾ ಕೊಟ್ಟು ಬಾಗಿಲ ಮರೆಗೆ ನಿಂತು ಮೂವರ ಮಾತನ್ನೂ ಕೇಳುತ್ತಿದ್ದಳು. ನಾನು ಅವರ ದನಿಗಳನ್ನು ಹಿಡಿದೆ, ಅವಳು ಅವರ ವಿದ್ಯೆಯನ್ನು ಹಿಡಿದಳು. ದೊಡ್ಡಪ್ಪ ಸಂತೆಗೆ ಹೋದಾಗ ಒಡೆದ ಉಳಿಯ ತುಂಡೊಂದನ್ನು ಹಿಡಿದು ನನಗೊಂದು ಕಟ್ಟಿಗೆಯ ಬುಗುರಿ ಕೆತ್ತಿಕೊಟ್ಟಿದ್ದಳು. ಊರಲ್ಲಿ ಅಷ್ಟು ಹೊತ್ತು ನಿಲ್ಲುವ ಬುಗುರಿ ಇನ್ನೊಂದಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದಳು: “ಅಪ್ಪಾ, ಆ ಸಣ್ಣ ರಂದಾ ಒಂದ ಸಲ ನಾ ಹಿಡದ ನೋಡ್ಲೇನ್ರಿ?” ದೊಡ್ಡಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಒರಸೂದು ನಿನ್ನ ಕೆಲಸವ್ವಾ, ಹಿಡಿಯೂದು ಅಲ್ಲ” ಎಂದು ಮೆಲ್ಲಗೆ ಅವಳ ಕೈಯಿಂದ ಅದನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟ. ಅವಳಿಗೆ ಬೇಕಾಗಿದ್ದದ್ದು ರಂದಾ ಅಲ್ಲ ಎಂದು ಈಗ ಅನಿಸುತ್ತದೆ. ತನ್ನ ಕೈ ಮಾಡಿದ ಕೆಲಸವನ್ನು ಅಪ್ಪ ಒಂದು ಸಲ ತಿರುಗಿಸಿ ನೋಡಲಿ ಎಂದಷ್ಟೇ ಇತ್ತು.

ಆ ವರ್ಷದ ಖಂಡೇನವಮಿಯ ದಿನ. ನಮ್ಮಲ್ಲಿ ಅಂದು ಹತಾರಗಳನ್ನು ಪೂಜೆಗೆ ಇಟ್ಟರೆ ಮರುದಿನ ಬನ್ನಿ ಮುಡಿಯುವವರೆಗೆ ಎತ್ತುವಂತಿಲ್ಲ. ದೊಡ್ಡಪ್ಪ ಬೆಳಗ್ಗೆಯೇ ಊರ ಹತಾರ, ವಿಲಾಯತಿ ಹತಾರ ಎಲ್ಲವನ್ನೂ ಒಳಕೋಣೆಯಲ್ಲಿ ಸಾಲಾಗಿ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಸಿರಸಂಗಿಯ ಕಾಳಮ್ಮನಿಗೆ ಕಾಯಿ ಒಡೆಸಿಕೊಂಡು ಬರಲು ಬಸ್ಸು ಹತ್ತಿದ. ಚಾವಿ ಅವನ ಸೊಂಟದಲ್ಲೇ ಹೋಯಿತು. ಓಣಿಯವರು ಪೂಜೆ ನೋಡಲು ಬರುತ್ತಾರೆಂದು ಬಾಗಿಲು ತೆರೆದಿಟ್ಟು ಒಂದು ಗುಂಡುಕಲ್ಲು ಆನಿಸಿದ್ದ. “ಈ ಕಲ್ಲ ಸರಸಬ್ಯಾಡ್ರಿ” ಎಂದು ಮೂರು ಸಲ ಹೇಳಿ ಹೋಗಿದ್ದ. ದೀಪ ನೋಡಿಕೊಳ್ಳಲು ಗಂಗಕ್ಕ ಒಳಗೆ ಕೂತಿದ್ದಳು. ನಾನು ಎರಡು ತಂಬಿಗೆ ಪಾನಕ ಕುಡಿದು, ಮಾಡಲು ಕೆಲಸವಿಲ್ಲದೆ, ಹೊಸ್ತಿಲ ಆಚೆ ಮರೆಯಾಗಿ ನಿಂತು ದೊಡ್ಡಪ್ಪನ ದನಿ ತೆಗೆದೆ: “ಗಂಗೂ, ಬೆಕ್ಕ ಒಳಗ ಬಂದೀತು, ಕಲ್ಲ ತಗದ ಬಾಗಲಾ ಮುಂದ ಮಾಡು!” ಅಪ್ಪ ಬಸ್ಸು ತಪ್ಪಿಸಿಕೊಂಡು ಬಂದನೆಂದುಕೊಂಡಳೋ ಏನೋ, ಆ ದನಿಗೆ ಅವಳ ಕೈ ತಾನಾಗಿ ಎದ್ದಿತು. ಕಲ್ಲು ಸರಿಸಿದಳು. ನಾನು ನಗುತ್ತ ಒಳಗೆ ಜಿಗಿದೆ. ಬಾಗಿಲು ನನ್ನ ಬೆನ್ನಿಗೆ ಬಡಿದು, ಕಟಕ್.

ಆಮೇಲಿನ ಮೂರು ತಾಸು ನಾನು ಜೀವನದಲ್ಲಿ ಮೊದಲ ಸಲ ಯಾರನ್ನೂ ಅಣಕಿಸಲಿಲ್ಲ. ಧೂಳು ಬರಬಾರದೆಂದು ದೊಡ್ಡಪ್ಪ ಕಿಟಕಿಯ ಒಂದು ರೆಕ್ಕೆಗೆ ಮೊಳೆ ಹೊಡೆದಿದ್ದ. ಇನ್ನೊಂದರ ಸರಳುಗಳ ಆಚೆ ಪಕ್ಕದ ಮನೆಯ ತುಳಸಿಕಟ್ಟೆ. ದೀಪದ ಹೊಗೆ, ಊದಿನಕಡ್ಡಿ, ಕರ್ಪೂರ, ಎಣ್ಣೆ. ಹೊರಗೆ ದೊಡ್ಡವ್ವ ಓಣಿ ಓಣಿ ಅಲೆದಳು. ಕಮ್ಮಾರ, ಪಕ್ಕದ ಬಡಿಗ, ಕೊನೆಗೆ ಸೈಕಲ್ ಅಂಗಡಿಯವನು. ಅವನೂ ನಟ್ಟು ಬಿಚ್ಚುವ ತನ್ನ ಪಾನಾಕ್ಕೆ ಚೆಂಡು ಹೂವಿನ ಮಾಲೆ ಹಾಕಿ ಕೂತಿದ್ದ. ಎಲ್ಲರದೂ ಒಂದೇ ಉತ್ತರ, ಅದನ್ನು ದೊಡ್ಡವ್ವ ಕಿಟಕಿಗೆ ಬಂದು ಹೇಳಿದಳು: “ಇವತ್ತ ಹತಾರಾ ಮುಟ್ಟಂಗಿಲ್ರಿ ಅವ್ವಾರ, ನಾಳೆ ಬರ್ತೀವಿ ಅಂತಾರ.” ನಮ್ಮ ಸುತ್ತ ಮೂರು ದೇಶಗಳ ಹತಾರ ಇದ್ದವು, ಒಂದನ್ನೂ ಎತ್ತುವಂತಿರಲಿಲ್ಲ. ಕೀಲಿಯ ಪೆಟ್ಟಿಗೆ ಬಾಗಿಲಿಗೆ ಒಳಗಿನಿಂದಲೇ ಕೂತಿತ್ತು. ಅದರ ನಾಲ್ಕು ಸ್ಕ್ರೂಗಳು ನಾಲ್ಕು ಕಣ್ಣಾಗಿ ನಮ್ಮನ್ನೇ ನೋಡುತ್ತಿದ್ದವು. ಅಷ್ಟರಲ್ಲಿ ಪಾನಕ ತನ್ನ ಕೆಲಸ ಶುರುಮಾಡಿತು.

“ಅಕ್ಕಾ, ನಂಗ ತಡ್ಯಾಕ ಆಗವಲ್ದು.”

“ಇಲ್ಲೆ ಮಾಡಿದ್ರ ಕಾಲ ಮುರೀತೇನಿ. ಪೂಜಿ ಕುಂತೈತಿ.”

“ಕಿಟಕ್ಯಾಗ?”

“ತುಳಸವ್ವ ಅದಾಳಲ್ಲೋ ಮಂಗ್ಯಾ!”

ನಾನು ಅಳತೊಡಗಿದೆ. ಅದು ನಾಟಕವಲ್ಲ ಎಂದು ಗುರುತಿಸಿದವಳು ಅವಳೊಬ್ಬಳೇ. ನನ್ನನ್ನೊಮ್ಮೆ, ಪೂಜೆಯನ್ನೊಮ್ಮೆ ನೋಡಿದಳು. ಆಮೇಲೆ ಕೈಮುಗಿದು “ತಪ್ಪಾತವ್ವಾ” ಎಂದು ಏಳು ಸ್ಕ್ರೂಡ್ರೈವರುಗಳಲ್ಲಿ ಮೂರನ್ನು ಎತ್ತಿಕೊಂಡಳು. ಒಂದೊಂದರ ತುದಿಯನ್ನೂ ಸ್ಕ್ರೂವಿನ ಗೆರೆಗೆ ಇಟ್ಟು ನೋಡಿ, ಬಿಗಿಯಾಗಿ ಕೂತದ್ದನ್ನು ಆರಿಸಿದಳು. ದೀಪದ ಎಣ್ಣೆಯನ್ನು ಬತ್ತಿಯಿಂದ ಒಂದೊಂದು ಹನಿ ಬಿಟ್ಟು ಕಾಯ್ದಳು. ನಾನು ಕುಣಿಯುತ್ತಿದ್ದೆ, ಅವಳು ಅವಸರ ಮಾಡಲಿಲ್ಲ. “ಮೇಸ್ತ್ರಿ ಮಾಮಾ ಏನ ಹೇಳ್ತಾನ? ಸಡ್ಲ ಮಾಡೂದಕ್ಕಿಂತ ಮೊದ್ಲ ಒಂದ ಕೂದಲೆಳಿ ಬಿಗೀಬೇಕು” ಎಂದು ಇಡೀ ಮೈಭಾರ ಹಾಕಿ ಬಿಗಿ ಮಾಡಿದಳು. ಕಿರ್ ಎಂಬ ಸಣ್ಣ ಸದ್ದು. ಆಮೇಲೆ ತಿರುಗಿಸಿದರೆ ಐವತ್ತು ವರ್ಷದ ಸ್ಕ್ರೂ ಬೆಣ್ಣೆಯಂತೆ ಹೊರಗೆ ಬಂತು. ನಾಲ್ಕನ್ನೂ ವೀಳ್ಯದೆಲೆಯ ಮೇಲೆ ಬಂದ ಕ್ರಮದಲ್ಲೇ ಇಟ್ಟಳು. ಬಾಗಿಲು ತೆರೆಯಿತು. ನಾನು ಎಲ್ಲಿಗೆ ಓಡಿದೆ ಎಂದು ಹೇಳಬೇಕಾಗಿಲ್ಲ.

ತಿರುಗಿ ಬಂದಾಗ ಗಂಗಕ್ಕ ಕೀಲಿಯನ್ನು ಮತ್ತೆ ಕೂರಿಸಲು ಹೊರಟಿದ್ದಳು. ದೊಡ್ಡವ್ವ ಬಿಡಲಿಲ್ಲ: “ಒಂದ ಸಲ ಮುಟ್ಟಿದ್ದ ಸಾಕವ್ವಾ.” ಸಂಜೆ ದೊಡ್ಡಪ್ಪ ಬಂದ. ಚೌಕಟ್ಟಿಗೆ ಜೋತುಬಿದ್ದ ಕೀಲಿ, ಸ್ಕ್ರೂಡ್ರೈವರಿನ ಮೇಲೆ ಅಳಿಸಿದ ಕುಂಕುಮ. “ಯಾರು?” ಎಂದ. ಗಂಗಕ್ಕನ ತುಟಿ ಅಲುಗಿತು. ಪೂಜೆಗಿಟ್ಟದ್ದನ್ನು ಎತ್ತಿದ್ದೊಂದು, ಎತ್ತಿದ್ದು ಹೆಣ್ಣುಮಗಳೆಂಬುದು ಇನ್ನೊಂದು. ಅವಳ ಕತೆ ಮುಗಿಯಿತೆಂದು ನಾನು ಮುಂದೆ ಬಂದೆ. ಆಟ ನನ್ನದು, ಏಟೂ ನನಗೇ ಬೀಳಲಿ ಎಂದು “ನಾ ತಗದ್ನಿರಿ” ಎಂದೆ. ದೊಡ್ಡವ್ವನೂ “ಹೌದ್ರಿ, ಅವನ” ಎಂದು ಮಗಳನ್ನು ಅಡಿಗೆಮನೆಯತ್ತ ದೂಡಿದಳು. ದೊಡ್ಡಪ್ಪ ಹೊಡೆಯಲಿಲ್ಲ. ಕುಕ್ಕರಗಾಲಲ್ಲಿ ಕೂತು ಸ್ಕ್ರೂಗಳನ್ನು ಅಂಗೈಗೆ ಹಾಕಿಕೊಂಡು ದೀಪಕ್ಕೆ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದ. “ಗೆರಿ ಒಂದೂ ಕೆಟ್ಟಿಲ್ಲ! ಭೇಷ್! ಯಾರದೋ ಈ ಕೈ? ನಮ್ಮಪ್ಪನ ಕೈ ಐತಲ್ಲೋ ಇದು!” ಎಂದು ನನ್ನನ್ನು ಬಾಚಿ ತಬ್ಬಿಕೊಂಡ. ಅವನ ಹೆಗಲ ಮೇಲಿಂದ ನಾನು ಗಂಗಕ್ಕನನ್ನು ನೋಡಿದೆ. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತನಗೆ ಬರಬೇಕಾದ ಮಾತು ಎರಡು ಮಾರು ದೂರದಲ್ಲಿ ಇನ್ನೊಬ್ಬರ ಕೊರಳಿಗೆ ಬಿದ್ದದ್ದನ್ನು ನೋಡುತ್ತಿದ್ದಳು.

ಮರುದಿನ ಬನ್ನಿಯನ್ನು ದೊಡ್ಡಪ್ಪ ಎಲ್ಲರಿಗಿಂತ ಮೊದಲು ನನ್ನ ಕೈಗೆ ಕೊಟ್ಟ. ಅಂದಿನಿಂದ ರವಿವಾರದ ಸಭೆಯಲ್ಲಿ ನನಗೂ ಒಂದು ಮಣೆ. ನನ್ನ ಕೈಗೆ ಸ್ಕ್ರೂಡ್ರೈವರು ಕೊಟ್ಟು ಒಂದು ಹಳೆಯ ಪೆಟ್ಟಿಗೆ ಬಿಚ್ಚೆಂದರು. ಅದು ಜಾರಿ ಸ್ಕ್ರೂವಿನ ತಲೆ ಹಾಳಾಯಿತು, ನನ್ನ ಹೆಬ್ಬೆರಳೂ ಹಾಳಾಯಿತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೇಸ್ತ್ರಿ ಕೈ ನಡಗೂದ ಎಷ್ಟ ಛಂದ ಮಾಡಿ ತೋರಸ್ತಾನ ನೋಡ್ರಿ!” ಎಂದ ದೊಡ್ಡಪ್ಪ. ನಾನು ಅಣಕಿಸುತ್ತಿರಲಿಲ್ಲ. ಹತ್ತು ರವಿವಾರ ಹೀಗೇ ಆಯಿತು. ಕೊನೆಗೆ ಅಳುತ್ತ ಹೇಳಿದೆ: “ದೊಡ್ಡಪ್ಪಾ, ಖರೇನ ನಂಗ ಬರಂಗಿಲ್ರಿ. ಕೀಲಿ ತಗದಾಕಿ ಗಂಗಕ್ಕ.” ಅವನು ಕಣ್ಣೊರೆಸಿಕೊಂಡು ಇನ್ನಷ್ಟು ನಕ್ಕ. “ಗಂಗೂ, ಕೇಳಿದೇನ ಇವನ ನಾಟಕಾ? ನೀ ತಗದಿಯಂತ ಹೌದೇನ?” ಗಂಗಕ್ಕ ನನ್ನ ಮುಖ ನೋಡಿದಳು. ಹೌದೆಂದರೆ ನಾನು ಸುಳ್ಳುಗಾರ. “ಇಲ್ರಿ ಅಪ್ಪಾ, ಅವನ ತಗದಾನ” ಎಂದು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೋದಳು. ಅಲ್ಲಿಗೆ ಆ ಬಾಗಿಲು ಎರಡೂ ಕಡೆಯಿಂದ ಬಿತ್ತು. ನಾನು ಅವಳ ಕೈಯೊಳಗೆ ಸಿಕ್ಕಿಕೊಂಡೆ, ಅವಳು ನನ್ನ ಸುಳ್ಳಿನೊಳಗೆ.

ಮುಂದಿನ ಬೇಸಗೆಯಲ್ಲಿ ಅವಳನ್ನು ರಾಮದುರ್ಗಕ್ಕೆ ಕೊಟ್ಟರು. ಕೊಡ, ಪರಾತ, ಐದು ಸೀರೆ ಕೊಟ್ಟರು. ಹತಾರ ಕೊಡುವ ಮಾತು ಯಾರಿಗೂ ಹೊಳೆಯಲಿಲ್ಲ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ದೊಡ್ಡಪ್ಪ ಹೋದ. ಹೋಗುವ ಮೊದಲು ಚಾವಿಯನ್ನು ಉಡದಾರದಿಂದ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದ. ಮೇಸ್ತ್ರಿ, ರಾಯರು ಒಬ್ಬರ ಹಿಂದೊಬ್ಬರು ಹೋದರು, ಆಮೇಲೆ ದೊಡ್ಡವ್ವ. ಮನೆ ಕೈಬದಲಾಗಿ ಬಟ್ಟೆ ಅಂಗಡಿಯಾಯಿತು. ಒಳಕೋಣೆ ಇದ್ದ ಜಾಗದಲ್ಲಿ ಈಗ ಸೀರೆಗಳನ್ನು ಮಡಿಚಿಡುತ್ತಾರೆ. ನಾನು ಕಚೇರಿಯ ಗುಮಾಸ್ತನಾಗಿ, ಊರು ಬಿಟ್ಟು ಊರಿಗೆ ವರ್ಗವಾದಾಗಲೆಲ್ಲ ಆ ಪೆಟ್ಟಿಗೆಗಳನ್ನೂ ಬಾಗಿಲಿನಿಂದ ಬಿಚ್ಚಿಸಿಕೊಂಡ ಕೀಲಿಯನ್ನೂ ಹೊತ್ತುಕೊಂಡು ತಿರುಗಿದೆ.

ಕೊನೆಗೊಮ್ಮೆ ಸ್ಕ್ರೂಡ್ರೈವರು, ಸಣ್ಣ ರಂದಾ, ಆ ಕೀಲಿ, ಅದರ ನಾಲ್ಕು ಸ್ಕ್ರೂ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ರಾಮದುರ್ಗಕ್ಕೆ ಹೋದೆ. ಗಂಗಕ್ಕನ ತಲೆ ಅರ್ಧ ಬೆಳ್ಳಗಾಗಿತ್ತು. ರಂದಾವನ್ನು ಮೂಸಿ ನೋಡಿ, “ಎಣ್ಣಿ ಭಾಳ ಹಚ್ಚೀಯೋ, ಮಂಗ್ಯಾ” ಎಂದು ಸೆರಗಿನಿಂದ ಒರೆಸಿದಳು. “ಇವು ನಿನ್ನವು, ಇಟ್ಕೊ” ಎಂದೆ. “ನಾ ಇಟ್ಕೊಂಡ್ರ ಇಲ್ಲೂ ಪೂಜಿಗೇ ಕುಂಡ್ರತಾವು. ನೀನ ಒಯ್ಯಿ” ಎಂದಳು. ಸ್ಕ್ರೂಗಳನ್ನು ಮಾತ್ರ ಅಂಗೈಗೆ ಹಾಕಿಕೊಂಡು ಒಂದೊಂದರ ಗೆರೆಯನ್ನೂ ಉಗುರಿನಿಂದ ಸವರಿದಳು. ಆಮೇಲೆ, ತಲೆ ಎತ್ತದೆ, “ಅಪ್ಪನ ದನಿ ಇನ್ನೂ ಬರತೈತೇನೋ ನಿಂಗ?” ಎಂದು ಕೇಳಿದಳು. ನನಗೆ ಅರ್ಥವಾಯಿತು. ಎದ್ದು ಬಾಗಿಲಾಚೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತೆ. “ಗೆರಿ ಒಂದೂ ಕೆಟ್ಟಿಲ್ಲ! ಭೇಷ್! ಯಾರದವ್ವಾ ಈ ಕೈ?”

ಒಳಗಿನಿಂದ ಹದಿನೆಂಟು ವರ್ಷದ ಹುಡುಗಿಯ ದನಿ ಬಂತು: “ನಂದ್ರಿ ಅಪ್ಪಾ.”

ಗಂಗಕ್ಕನೂ ಈಗಿಲ್ಲ. ಖಂಡೇನವಮಿಯ ದಿನ ಪೆಟ್ಟಿಗೆ ತೆರೆದು ಕುಂಕುಮ ಹಚ್ಚಿ, ಸ್ಕ್ರೂಗಳನ್ನು ದೀಪಕ್ಕೆ ಹಿಡಿದು, ದೊಡ್ಡಪ್ಪನ ದನಿಯಲ್ಲಿ ಅದನ್ನೇ ಕೇಳುತ್ತೇನೆ. ದನಿ ಹಾಗೇ ಇದೆ, ಒಂದು ಗೀರೂ ಬಿದ್ದಿಲ್ಲ. ಕೇಳಿ ಸ್ವಲ್ಪ ಹೊತ್ತು ಕಾಯುತ್ತೇನೆ. ಅವಳ ಉತ್ತರವನ್ನು ನಾನೇ ತೆಗೆಯೋಣವೆಂದು ಬಾಯಿ ತೆರೆದರೆ ಬರುವುದಿಲ್ಲ. ಅವಳೊಬ್ಬಳನ್ನು ಅಣಕಿಸದೆ ಬಿಟ್ಟಿದ್ದೆನಲ್ಲ.