ಶರಣಪ್ಪನ ಜ್ವರ

ಮಾತಾಡುತ್ತಲೇ ಶರಣಪ್ಪ ಆಗಾಗ ಅಂಗೈ ಮಗುಚಿ ತನ್ನ ಕತ್ತಿಗೆ ಒತ್ತಿಕೊಳ್ಳುತ್ತಿದ್ದ. ಮೈ ತಣ್ಣಗಿದ್ದರೆ ಮಾತು ಮುಂದುವರಿಯುತ್ತಿತ್ತು.

ಗರುಡಾಚಾರ್‌ಪಾಳ್ಯದ ನಮ್ಮ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಅವನೂ ಹೆಂಡತಿ ನೀಲಮ್ಮನೂ ಇದ್ದರು. ಕಲಬುರಗಿ ಕಡೆಯವರು. ಅವನಿಗೆ ಹತ್ತಿರದ ಕಾರ್ಖಾನೆಯಲ್ಲಿ ಲೇಥ್ ಕೆಲಸ. ಒಮ್ಮೆ ಕೆ.ಆರ್. ಪುರದ ಸೇತುವೆ ಬಳಿ ನೀರಿನ ಟ್ಯಾಂಕರ್ ಅವನ ಬೈಕಿಗೆ ಗುದ್ದಿತು. ಜೀವ ಉಳಿಯಿತು. ಆದರೆ ಹೊಟ್ಟೆಯೊಳಗೆ ಗುಲ್ಮ ಒಡೆದಿತ್ತು, ತೆಗೆದುಹಾಕಿದರು. ರಕ್ತಕ್ಕೆ ಸೇರಿದ ರೋಗಾಣುಗಳನ್ನು ಸೋಸಿ ಕೊಲ್ಲುವ ಅಂಗವಂತೆ ಅದು. ಡಾಕ್ಟರು ಲಸಿಕೆ ಹಾಕಿಸಿ, ಗುಳಿಗೆ ಕೊಟ್ಟು ಎಚ್ಚರಿಸಿದ್ದರು: ಜ್ವರ ಬಂದರೆ ಗುಳಿಗೆ ನುಂಗಿ ತಕ್ಷಣ ಆಸ್ಪತ್ರೆಗೆ ಬರಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ.

"ನಮ್ಮ ಮನಿಗೀಗ ಕಾವಲಗಾರ ಇಲ್ರಿ ಅಕ್ಕಾರ," ಎಂದು ನಗುತ್ತಿದ್ದ. "ಕಳ್ಳ ಬಂದ್ರ ನಾನೇ ಓಡಬೇಕು."

ಒಂದು ಮಧ್ಯಾಹ್ನ ಕೆಲಸದ ನಡುವೆ ಚಳಿ ಹತ್ತಿತು. ಸೂಪರ್‌ವೈಸರ್, "ಶಿಫ್ಟ್ ಮುಗ್ಸಿ ಹೋಗಯ್ಯಾ," ಎಂದ. "ಶಿಫ್ಟ್ ಮುಗಿಯೂದ್ರಾಗ ನಾನೇ ಮುಗೀತೀನ್ರಿ," ಎಂದವನೇ ಮಷಿನ್ ಆರಿಸಿ ಆಸ್ಪತ್ರೆಗೆ ಹೊರಟ. ಕೆಲಸ ಹೋಯಿತು, ಪ್ರಾಣ ಉಳಿಯಿತು. ಮತ್ತೊಂದು ಕಡೆ ಸೇರಿಕೊಂಡ. ಅಂದಿನಿಂದ ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ನೀಲಮ್ಮ ಅವನ ತೋಳು ಹಿಡಿದು ಈಚೆ ಎಳೆಯುತ್ತಿದ್ದಳು.

ಹೆರಿಗೆ ನೋವು ಬಂದಾಗ ಅವಳನ್ನು ಶಿವಾಜಿನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ನೋವು ಎಳೆಯಿತು, ಮಗು ಹೊರಬರಲಿಲ್ಲ. ಊಟ ಕಟ್ಟಿಕೊಂಡು ನಾನು ಹೋದಾಗ ಶರಣಪ್ಪ ಕಾರಿಡಾರಿನ ಬೆಂಚಿನ ಮೇಲೆ ಮುದುರಿ ಕೂತಿದ್ದ. ತುಟಿ ಒಣಗಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು.

"ಅಯ್ಯೋ, ಮೈ ಕೆಂಡ ಆಗಿದೆಯಲ್ಲೋ! ಎದ್ದೇಳು, ಡಾಕ್ಟರ್ ಹತ್ರ ಹೋಗೋಣ."

"ಗುಳಿಗಿ ತಗೊಂಡೀನ್ರಿ. ಒಳಗ ಅಕಿ ಒದರಾಕತ್ತಾಳ. ಕೂಸಿನ ಮಾರಿ ನೋಡೇ ಬರ್ತೀನಿ."

"ನೀನಿದ್ರೆ ತಾನೇ ನೋಡೋದು!"

ಅವನು ಏಳಲಿಲ್ಲ. ಬೈದೆ, ಬೇಡಿಕೊಂಡೆ. ಕೊನೆಗೆ ವಾರ್ಡ್‌ಬಾಯ್‌ನನ್ನು ಕರೆದು ಎಬ್ಬಿಸುವ ಹೊತ್ತಿಗೆ ಅವನ ಕಾಲಲ್ಲಿ ಬಲವಿರಲಿಲ್ಲ. ತೋಳಿನ ಮೇಲೆ ಸಣ್ಣ ಸಣ್ಣ ನೇರಳೆ ಕಲೆಗಳು ಎದ್ದಿದ್ದವು. ಆ ಕಲೆ ನೋಡಿದ ಡಾಕ್ಟರು ಸ್ಟ್ರೆಚರಿನ ಜೊತೆಗೇ ಓಡಿದರು.

ಸಂಜೆ ಹೆಣ್ಣು ಮಗು ಹುಟ್ಟಿತು. ಎತ್ತಿಕೊಂಡು ಐಸಿಯು ಬಾಗಿಲಿಗೆ ಹೋದೆ. ನರ್ಸ್ ತಡೆದಳು: "ಹಸುಗೂಸನ್ನ ಇಲ್ಲಿಗೆ ತರ್ಬಾರ್ದಮ್ಮಾ, ಅದಕ್ಕಿನ್ನೂ ರೋಗ ತಡ್ಕೊಳೋ ಶಕ್ತಿ ಇರಲ್ಲ." ಬಾಗಿಲಿನ ಗಾಜಿನಾಚೆ ಶರಣಪ್ಪನ ಪಾದಗಳಷ್ಟೇ ಕಂಡವು. ಬೆಳಗಾಗುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಮಣ್ಣು ಮಾಡಿದ ಮೇಲೂ ನೀಲಮ್ಮ ಅಳಲಿಲ್ಲ. ಊರಿಗೆ ಕರೆದೊಯ್ಯಲು ಅವಳ ಅಣ್ಣ ಗಂಟುಮೂಟೆ ಕಟ್ಟುತ್ತಿದ್ದಾಗ ಮಗುವನ್ನು ಎದೆಗೊತ್ತಿಕೊಂಡು ನನ್ನ ಬಳಿ ಬಂದಳು.

"ಅಕ್ಕಾರ, ಕೂಸಿಗಿ ಮುಂದಿನ ಸೂಜಿ ಯಾವಾಗ ಹಾಕಸಬೇಕ್ರಿ?"