ಮಗ್ಗ ನೇಯ್ದ ಎಚ್ಚರಿಕೆ

ಪಾಲಕ್ಕನ ಹತ್ತಿರ ಏನಾದರೂ ಹೇಳಿದರೆ ಕೊನೆಗೆ ‘ಅಷ್ಟೇ’ ಅನ್ನಬೇಕಿತ್ತು. ಅನ್ನದಿದ್ದರೆ ನಮ್ಮ ಮುಖ ನೋಡುತ್ತಾ ಕೂತೇ ಇರುತ್ತಿದ್ದರು. ಉತ್ತರವಿಲ್ಲ, ಹೂಂ ಕೂಡ ಇಲ್ಲ. ಕೇಳಿದರೆ, “ನಿಂದು ಮುಗೀತೋ ಇಲ್ವೋ ನಂಗೆಂಗೆ ಗೊತ್ತಾಗ್ಬೇಕು? ನನ್ ಪ್ರೋಗ್ರಾಮೂ ಹಿಂಗೇ, ಪೂರಾ ಕೇಳಿಸ್ಕೊಂಡೇ ಬಾಯಿ ಬಿಡೋದು” ಅನ್ನುತ್ತಿದ್ದರು. ಎಂಥ ಗತ್ತಿನ ಹೆಂಗಸು! ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಬಂದು, ನೇಕಾರರ ಕೇರಿಯ ಒಂದು ಕೋಣೆಯಲ್ಲಿ ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕೂರುತ್ತಿದ್ದರು. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ, ಬರೀ ಅಕ್ಷರ. ಸೀರೆಯ ವಿನ್ಯಾಸವೂ ಅವರಿಗೆ ಅಕ್ಷರವೇ: ಮೇಲೇಳಬೇಕಾದ ಎಳೆಗೆ ಒಂದು ಗುರುತು, ಕೆಳಗಿರಬೇಕಾದ ಎಳೆಗೆ ಒಂದು ಚುಕ್ಕಿ. ಪ್ರೋಗ್ರಾಮು ಅದನ್ನು ಸಾಲುಸಾಲಾಗಿ ಓದಿ, ಮಗ್ಗದ ಮೇಲೆ ಕೂತು ಎಳೆ ಎತ್ತಿಸುವ ಪೆಟ್ಟಿಗೆಗೆ ತಿಳಿಯುವಂತೆ ಇನ್ನೊಂದು ಕಡತಕ್ಕೆ ಇಳಿಸುತ್ತಿತ್ತು. ಕೈಕೆಳಗಿದ್ದ ನಮಗೆ ಅವರ ಪಾಠ ಒಂದೇ. “ಒಳಗೆ ಬರೋಕೆ ಒಂದು ಬಾಗ್ಲು ಸಾಕು. ಹೊರಗೆ ಹೋಗೋಕೆ ಎರಡು ಬೇಕು ಕಣ್ರೋ. ಮಾಲಿಗೊಂದು, ಬೈಗುಳಕ್ಕೊಂದು. ಎರಡೂ ಒಂದ್ರಾಗೇ ಬಿಟ್ರೆ ಕೆಟ್ಟೋದ್ರಿ.” ಮಾಲೆಂದರೆ ಮಗ್ಗಕ್ಕೆ ಹೋಗುವ ವಿನ್ಯಾಸ, ಬೈಗುಳವೆಂದರೆ ತಪ್ಪು ಕಂಡಾಗ ಪ್ರೋಗ್ರಾಮು ನಮಗೆ ಹೇಳುವ ಮಾತು.

ನೇಕಾರ ಈರಣ್ಣ ಮಗಳು ಲಕ್ಷ್ಮಿಯ ಧಾರೆ ಸೀರೆಯನ್ನು ತಾನೇ ನೇಯಲು ಕೂತಿದ್ದ. ಮದುವೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಓಡಿ ಬಂದವನೇ ಬಾಗಿಲಲ್ಲಿ ನಿಂತ. “ಅಕ್ಕಾ, ಅಂಚಿನ ಹಂಸದ ಕತ್ತು ಮುರಿದೈತೆ! ಎಳೆ ಎಲ್ಲಾ ಜೋತಾಡ್ತಾವೆ. ಅಯ್ಯೋ ದೇವುಡಾ, ಹಾಸು ಕತ್ತರಿಸಿ ಬಿಸಾಕಿದ್ರೆ ನನ್ ಬಿಡ್ಡ ಧಾರೆಗೆ ಏನು ಉಟ್ಕಂತಾಳೆ? ಅಷ್ಟೇ!” ಆ ಗಾಬರಿಯಲ್ಲೂ ‘ಅಷ್ಟೇ’ ಅನ್ನುವುದನ್ನು ಪಾಪ ಅವನು ಮರೆಯಲಿಲ್ಲ.

ಪೆಟ್ಟಿಗೆ ಕೆಟ್ಟಿರಬೇಕು ಎಂದೆ ನಾನು. ಪಾಲಕ್ಕ ಮಗ್ಗಕ್ಕೆ ಹೋದ ಕಡತವನ್ನು ಪರದೆಗೆ ತಂದು ಕೆಳಗಿಳಿಸುತ್ತಾ ಹೋದರು. ಅವರ ಬೆರಳು ನಿಂತುಬಿಟ್ಟಿತು. ಗುರುತು, ಚುಕ್ಕಿಗಳ ನಡುವೆ ಒಂದು ವಾಕ್ಯ ಕೂತಿತ್ತು: ‘ಎಚ್ಚರ, ಈ ಸಾಲು ಗಿಡ್ಡ.’

ಹಿಂದಿನ ವಾರ ಆಕೆಯೇ ಪ್ರೋಗ್ರಾಮಿಗೆ ಸೇರಿಸಿದ ಎಚ್ಚರಿಕೆ ಅದು. ಪರದೆಯ ಮೇಲೆ ನಮಗೆ ಕಾಣಬೇಕಾದ ಮಾತನ್ನು ಅವಸರದಲ್ಲಿ ಮಾಲಿನ ಬಾಗಿಲಿಗೇ ಬಿಟ್ಟಿದ್ದರು. ಅದು ಹಂಸದ ಜೊತೆ ಕಡತ ಸೇರಿತ್ತು. ಪಾಪ, ಮಗ್ಗಕ್ಕೇನು ಗೊತ್ತು? ಒಂದೊಂದು ಅಕ್ಷರಕ್ಕೂ ಒಂದೊಂದು ಎಳೆ ಎತ್ತಿ ಎಚ್ಚರಿಕೆಯನ್ನೇ ನೇಯ್ದಿತ್ತು.

“ತಪ್ಪು ಪೆಟ್ಟಿಗೇದಲ್ಲ ಈರಣ್ಣ, ನಂದು” ಎಂದರು ಪಾಲಕ್ಕ. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲೇ ಇಲ್ಲ.

ಪ್ರೋಗ್ರಾಮು ಬೇಗ ಸರಿಹೋಯಿತು. ಎಚ್ಚರಿಕೆ ಪರದೆಗೆ ಬಂತು, ಆ ಗಿಡ್ಡ ಸಾಲಿನಲ್ಲಿ ಬಿಟ್ಟುಹೋಗಿದ್ದ ಚುಕ್ಕಿ ಸಿಕ್ಕಿತು. ಆದರೆ ನೇಯ್ದದ್ದನ್ನು ಬಿಚ್ಚಬೇಕಿತ್ತಲ್ಲ, ಅದು ಜೀವ ಹಿಂಡಿತು. ಜರಿ ಉಜ್ಜಿ, ಉದ್ದಕ್ಕೆ ಬಿಗಿದ ಹಾಸಿನ ರೇಷ್ಮೆ ಹರಿಯುತ್ತಾ ಹೋದರೆ ಸೀರೆ ಅಲ್ಲಿಗೆ ಮುಗಿದಂತೆ.

“ನೀವು ಬಿಡಕ್ಕ, ನಾನು ನೋಡ್ಕಂತೀನಿ” ಎಂದ ಈರಣ್ಣ.

“ಕೆಡಿಸಿದ್ದು ನಾನು, ಬಿಚ್ಚೋದೂ ನಾನೇ. ಎಳೆ ಹೆಂಗೆ ಹಿಡೀಬೇಕು, ತೋರ್ಸು.”

ಜನ್ಮದಲ್ಲಿ ಮಗ್ಗ ಮುಟ್ಟದ ಹೆಂಗಸು ಈರಣ್ಣನ ಮಗ್ಗದ ಮುಂದೆ ಕೂತು ಸೂಜಿ ಹಿಡಿದು ಒಂದೊಂದೇ ಎಳೆ ಬಿಡಿಸತೊಡಗಿದರು. ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ಹಾಸಿನ ಒಂದೆಳೆ ಪಟ್ಟೆಂದು ಹರಿಯಿತು. ಈರಣ್ಣ ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿಯನ್ನೂ ಹೊಸೆದ. ಎಳೆ ನಿಂತಿತು. ಬಿಚ್ಚಿ ಮುಗಿಸಿ ಅವನು ಮತ್ತೆ ಲಾಳಿ ಎಸೆದಾಗ ಹೊತ್ತು ಇಳಿದಿತ್ತು. ನಾವೆಲ್ಲ ಅಂಚಿನ ಮೇಲೆ ಬಗ್ಗಿ ಕಾದೆವು. ಹಂಸದ ಕತ್ತು ನೆಟ್ಟಗೆ ಎದ್ದಿತು. ಪಾಲಕ್ಕ ಸೂಜಿ ಕೆಳಗಿಟ್ಟು ಎಲ್ಲರೆದುರೇ ಅತ್ತುಬಿಟ್ಟರು.

ಹೋದ ವರ್ಷ ಪಾಲಕ್ಕ ಜ್ವರ ಬಂದು ತೀರಿಕೊಂಡರು. ಮಣ್ಣಿಗೆಂದು ಚಳ್ಳಕೆರೆಗೆ ಹೋದೆವು. ಎಲ್ಲರೂ ಹಳೇ ಬಟ್ಟೆಯಲ್ಲಿದ್ದರೆ ಲಕ್ಷ್ಮಿ ಧಾರೆ ಸೀರೆ ಉಟ್ಟು ಬಂದಿದ್ದಳು. “ಸಾವಿನ ಮನೆಗೆ ಜರಿ ಸೀರೆ ಉಡ್ತಾರೇನೇ?” ಎಂದು ಮುದುಕಿಯೊಬ್ಬಳು ಗದರಿದಳು.

ಲಕ್ಷ್ಮಿ ಸೆರಗಿನಿಂದಲೇ ಕಣ್ಣೊರೆಸಿಕೊಂಡಳು. “ಇದನ್ನ ಉಳಿಸೋಕೆ ಅಕ್ಕ ಅನ್ನ ನೀರು ಬಿಟ್ಟು ಕೂತಿದ್ರು. ಇವತ್ತು ಬೇರೆ ಯಾವ್ದು ಉಟ್ಕಂಡ್ ಬರ್ಲಿ, ಹೇಳ್ರಿ?”